ಗುಳೆ ಹೋದವರ ಜಾಡು ಬ್ಯಾಂಕಿನ ಲೆಕ್ಕದಲ್ಲಿ

ದೇವದುರ್ಗ ಕಡೆಯ ಒಬ್ಬ ಗಾರೆ ಕೆಲಸದವನ ಖಾತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಕ್ಟೋಬರಿನಲ್ಲಿ ಅದರಲ್ಲಿರುವುದು ಐದಾರು ಸಾಲು. ಉದ್ಯೋಗ ಖಾತ್ರಿಯ ಕೂಲಿ ಜಮೆ, ಊರಿನ ಎಟಿಎಂನಲ್ಲಿ ಎರಡು ಸಲ ತೆಗೆದ ನಗದು, ಒಂದು ಮೊಬೈಲ್ ರೀಚಾರ್ಜ್, ಅಷ್ಟೇ. ಜನವರಿ ಎರಡನೇ ವಾರ ಒಂದು ಬಸ್ ಟಿಕೆಟ್. ಮರುದಿನದಿಂದ ಸಾಲುಗಳು ಒತ್ತೊತ್ತಾಗಿ ಬೀಳತೊಡಗುತ್ತವೆ: ಬೆಳಿಗ್ಗೆ 15 ರೂಪಾಯಿ, ಮಧ್ಯಾಹ್ನ 60, ಸಂಜೆ ಮತ್ತೆ 15. ಶನಿವಾರ ರಾತ್ರಿ 4,500 ಜಮೆ. ಭಾನುವಾರ ಬೆಳಿಗ್ಗೆ ಊರಿನ ಒಂದೇ ಖಾತೆಗೆ 2,000 ರವಾನೆ. ಶನಿವಾರದ್ದು ಮೇಸ್ತ್ರಿಯ ಬಟವಾಡೆ, ಭಾನುವಾರದ್ದು ಮನೆಗೆ.

ಇದು ವಿವರಣೆಗೆಂದು ಹೊಂದಿಸಿದ ಖಾತೆ. ಆದರೆ ಇದರ ಆಕಾರವನ್ನು ಕಲ್ಯಾಣ ಕರ್ನಾಟಕದ ಯಾವ ಊರಿನವರೂ ಗುರುತಿಸುತ್ತಾರೆ. ಇಂಥ ಲಕ್ಷಾಂತರ ಖಾತೆಗಳನ್ನು ಹೆಸರು ಅಳಿಸಿ ಒಟ್ಟಿಗೆ ಓದಿದರೆ, ಯಾವ ತಾಲ್ಲೂಕಿನಿಂದ ಯಾವ ನಗರಕ್ಕೆ ಯಾವ ವಾರ ಜನ ಹೊರಟರು, ಎಷ್ಟು ದಿನ ಉಳಿದರು, ಏನು ಕೊಂಡರು, ಊರಿಗೆ ಎಷ್ಟು ಕಳಿಸಿದರು ಎಂಬುದು ತಿಳಿಯುತ್ತದೆ. ಎಚ್ಚರ ತಪ್ಪಿ ಓದಿದರೆ ಪೂರ್ತಿ ತಲೆಕೆಳಗಾದ ಚಿತ್ರ ಸಿಗುತ್ತದೆ. ಬ್ಯಾಂಕಿನ ಲೆಕ್ಕ ನಮಗೆ ತೋರಿಸುವುದು ಜನರ ಬದುಕನ್ನಲ್ಲ, ಆ ಬದುಕಿನಲ್ಲಿ ಬ್ಯಾಂಕಿನ ಮೂಲಕ ಹಾದುಹೋದ ಭಾಗವನ್ನು ಮಾತ್ರ. ಊರು ಬದಲಾದಾಗ ಆ ಭಾಗದ ಗಾತ್ರವೂ ಬದಲಾಗುತ್ತದೆ. ಈ ಒಂದು ಸಂಗತಿಯನ್ನು ಮರೆತ ವಿಶ್ಲೇಷಣೆಗಳೇ ಹೆಚ್ಚು ದಾರಿ ತಪ್ಪಿಸುತ್ತವೆ.

ಗಣತಿಗೆ ಸಿಗದ ಜನ

2011ರ ಜನಗಣತಿಯ ಪ್ರಕಾರ ದೇಶದೊಳಗಿನ ವಲಸಿಗರು 45 ಕೋಟಿಗೂ ಹೆಚ್ಚು. ಹುಟ್ಟಿದ ಊರು ಯಾವುದು, ಹಿಂದೆ ವಾಸವಿದ್ದ ಊರು ಯಾವುದು ಎಂದು ಕೇಳಿ ಪಡೆದ ಅಂಕಿ ಅದು. ಮದುವೆಯಾಗಿ ಪಕ್ಕದ ಹಳ್ಳಿಗೆ ಹೋದ ಹೆಣ್ಣುಮಗಳೂ ಅದರಲ್ಲಿದ್ದಾಳೆ, ಬೆಂಗಳೂರಿನಲ್ಲಿ ನೆಲೆಸಿದ ಎಂಜಿನಿಯರೂ ಇದ್ದಾನೆ. ಸುಗ್ಗಿ ಮುಗಿಸಿ ಹೊರಟು ಬಿತ್ತನೆಗೆ ಮರಳುವವನು ಮಾತ್ರ ಸರಿಯಾಗಿ ಸಿಗುವುದಿಲ್ಲ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಅಂದರೆ ಗುಳೆಯ ನಟ್ಟನಡುವೆ. ಮನೆಗೆ ಬೀಗ, ಮನೆಯವರು ಕಬ್ಬಿನ ಗದ್ದೆಯಲ್ಲೋ ಕಟ್ಟಡದ ಶೆಡ್ಡಿನಲ್ಲೋ. ಮುಂದಿನ ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಅದೂ ಅದೇ ಹಂಗಾಮು.

ರಾಷ್ಟ್ರೀಯ ಮಾದರಿ ಸಮೀಕ್ಷೆಗಳು ಅಲ್ಪಾವಧಿ ವಲಸೆಗೆ ಬೇರೆ ವ್ಯಾಖ್ಯಾನ ಇಟ್ಟುಕೊಂಡಿವೆ: ಕಳೆದ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಗೂ ಮೇಲೆ, ಆರು ತಿಂಗಳಿಗಿಂತ ಕಡಿಮೆ ಕಾಲ ಊರು ಬಿಟ್ಟವರು. ವ್ಯಾಖ್ಯಾನ ಒಳ್ಳೆಯದೇ. ಆದರೆ ಮಾದರಿಯ ಗಾತ್ರ ತಾಲ್ಲೂಕು ಮಟ್ಟದಲ್ಲಿ ಏನನ್ನೂ ಹೇಳುವಷ್ಟು ದೊಡ್ಡದಲ್ಲ.

ಹಾಗಾಗಿ ಸರ್ಕಾರದ ಅರ್ಥಶಾಸ್ತ್ರಜ್ಞರೇ ಬೇರೆ ಜಾಡುಗಳನ್ನು ಹಿಡಿದರು. 2016–17ರ ಆರ್ಥಿಕ ಸಮೀಕ್ಷೆ ಕಾಯ್ದಿರಿಸದ ರೈಲು ಟಿಕೆಟ್‌ಗಳ ಲೆಕ್ಕದಿಂದ, 2011ರಿಂದ 2016ರ ನಡುವೆ ವರ್ಷಕ್ಕೆ ಸರಾಸರಿ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋಗುತ್ತಿದ್ದರೆಂದು ಅಂದಾಜಿಸಿತು. 2024ರ ಡಿಸೆಂಬರಿನಲ್ಲಿ ಪ್ರಧಾನ ಮಂತ್ರಿಗಳ ಆರ್ಥಿಕ ಸಲಹಾ ಮಂಡಳಿಯಿಂದ ಬಂದ ಬಿಬೇಕ್ ದೇಬ್‌ರಾಯ್ ಮತ್ತು ದೇವಿ ಪ್ರಸಾದ್ ಮಿಶ್ರ ಅವರ ಪ್ರಬಂಧ, ರೈಲು ಟಿಕೆಟ್ ಜೊತೆಗೆ ಮೊಬೈಲ್ ರೋಮಿಂಗ್ ಮತ್ತು ಜಿಲ್ಲಾವಾರು ಬ್ಯಾಂಕಿಂಗ್ ಅಂಕಿಅಂಶ ಬಳಸಿ, 2023ರಲ್ಲಿ ವಲಸಿಗರ ಸಂಖ್ಯೆ ಸುಮಾರು 40.2 ಕೋಟಿ ಎಂದಿತು. 2011ಕ್ಕಿಂತ ಹೆಚ್ಚುಕಡಿಮೆ ಶೇ 12ರಷ್ಟು ಇಳಿಕೆ. ಈ ಇಳಿಕೆಯನ್ನು ಒಪ್ಪುವ ಮೊದಲು ರೈಲಿನ ಲೆಕ್ಕಕ್ಕೆ ಯಾರು ಸಿಗುವುದಿಲ್ಲ ಎಂದು ಕೇಳಬೇಕು. ರಾಯಚೂರು, ಯಾದಗಿರಿಯ ಹಳ್ಳಿಗಳಿಂದ ಬಸ್ಸಿನಲ್ಲಿ, ಲಾರಿಯಲ್ಲಿ, ಮೇಸ್ತ್ರಿ ಕಳಿಸಿದ ಟೆಂಪೊದಲ್ಲಿ ಹೊರಡುವವರು ಆ ಲೆಕ್ಕದಲ್ಲಿಲ್ಲ.

ಹಣದ ಲೆಕ್ಕ ಈ ಕೊರತೆಯನ್ನು ಒಂದಷ್ಟು ತುಂಬುತ್ತದೆ. 2016ರ ಏಪ್ರಿಲ್ 11ರಂದು ಯುಪಿಐ ಶುರುವಾದಾಗ ಇದು ಸಾಧ್ಯವಿರಲಿಲ್ಲ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,001 ಕೋಟಿ ಯುಪಿಐ ವಹಿವಾಟು, 24.85 ಲಕ್ಷ ಕೋಟಿ ರೂಪಾಯಿ ಮೌಲ್ಯ. ಒಂದು ವಹಿವಾಟಿಗೆ ಸರಾಸರಿ 1,242 ರೂಪಾಯಿ. ಚಹಾದ ಹದಿನೈದು ರೂಪಾಯಿಯೂ ದಾಖಲಾಗುವ ಕಾಲ ಇದು.

ಒಂದು ಸಾಲಿನಲ್ಲಿ ಏನೇನಿರುತ್ತದೆ

ಬ್ಯಾಂಕಿನೊಳಗೆ ಅಧ್ಯಯನಕ್ಕೆ ಸಿಗುವ ಕೋಷ್ಟಕದಲ್ಲಿ ಸಾಮಾನ್ಯವಾಗಿ ಇಷ್ಟು ಕಂಬಗಳು (ಕಾಲಂಗಳು) ಇರುತ್ತವೆ: ಗ್ರಾಹಕರ ಸಂಕೇತ ಸಂಖ್ಯೆ, ದಿನಾಂಕ ಮತ್ತು ವೇಳೆ, ಮೊತ್ತ, ಜಮೆಯೋ ಖರ್ಚೋ, ಯಾವ ಮಾರ್ಗ (ಎಟಿಎಂ, ಕಾರ್ಡ್ ಯಂತ್ರ, ಯುಪಿಐ, ಆಧಾರ್ ಬೆರಳಚ್ಚಿನ ವಹಿವಾಟು), ಅಂಗಡಿಯಾದರೆ ಅದರ ವರ್ಗ, ಎದುರು ಖಾತೆಯ ಸಂಕೇತ, ಮತ್ತು ಸ್ಥಳದ ಸುಳಿವು.

ಅಂಗಡಿಯ ವರ್ಗ ನಾಲ್ಕು ಅಂಕಿಯದು. 5411 ಎಂದರೆ ಕಿರಾಣಿ, 5812 ಹೋಟೆಲು, 5912 ಔಷಧ ಅಂಗಡಿ, 5541 ಪೆಟ್ರೋಲ್ ಬಂಕ್, 4814 ದೂರವಾಣಿ ಸೇವೆ. ಖರ್ಚಿನ ಅಭ್ಯಾಸ ಓದಲು ಇದೇ ಕೀಲಿ. ಆದರೆ ಕಿರಾಣಿ ಅಂಗಡಿಯಲ್ಲೇ ರೀಚಾರ್ಜ್, ಬೀಡಿ, ಸೋಪು, ಅಕ್ಕಿ ಎಲ್ಲವೂ ಸಿಗುವುದರಿಂದ 5411ನ್ನು ‘ಆಹಾರ’ ಎಂದು ಓದಬಾರದು. ‘ಕಿರಾಣಿ ಅಂಗಡಿಯಲ್ಲಿ ಕೊಟ್ಟದ್ದು’ ಎಂದಷ್ಟೇ ಓದಬೇಕು.

ಸ್ಥಳದ ಸುಳಿವುಗಳಲ್ಲಿ ಗಟ್ಟಿ, ಸಡಿಲ ಎಂಬ ಭೇದವಿದೆ. ಎಟಿಎಂ ನೆಲಕ್ಕೆ ಬೇರೂರಿದ ಯಂತ್ರ. ಅಲ್ಲಿ ಹಣ ತೆಗೆದರೆ ಕಾರ್ಡು ಅಲ್ಲೇ ಇತ್ತು. ಕಾರ್ಡ್ ಯಂತ್ರವೂ ಬಹುಮಟ್ಟಿಗೆ ಹಾಗೆಯೇ. ಬೆರಳಚ್ಚಿನ ವಹಿವಾಟಿನಲ್ಲಿ ಖಾತೆದಾರ ಸ್ವತಃ ಇರಲೇಬೇಕು, ಆದ್ದರಿಂದ ಅದು ಎಲ್ಲಕ್ಕಿಂತ ಗಟ್ಟಿ. ಯುಪಿಐ ಕ್ಯೂಆರ್ ಮಾತ್ರ ಮೋಸ ಮಾಡುತ್ತದೆ: ದಾಖಲೆಯಲ್ಲಿರುವ ವಿಳಾಸ ಅಂಗಡಿ ನೋಂದಾಯಿಸಿದ ವಿಳಾಸ, ಒಮ್ಮೊಮ್ಮೆ ಸರಣಿ ಮಳಿಗೆಯ ಮುಖ್ಯ ಕಚೇರಿಯ ವಿಳಾಸ. ಸಿಂಧನೂರಿನ ಮಳಿಗೆಯಲ್ಲಿ ಕೊಟ್ಟ ಹಣ ಮುಂಬೈಯಲ್ಲಿ ಕೊಟ್ಟಂತೆ ಕಾಣಬಹುದು. ಆನ್‌ಲೈನ್ ಖರೀದಿ, ರೀಚಾರ್ಜ್, ಕರೆಂಟ್ ಬಿಲ್ಲಿಗೆ ಸ್ಥಳವೇ ಇಲ್ಲವೆಂದು ತಿಳಿದು ಪಕ್ಕಕ್ಕಿಡಬೇಕು.

ಪಿನ್‌ಕೋಡಿನ ಮೊದಲ ಮೂರು ಅಂಕಿ ಬಳಸುವುದು ವಾಡಿಕೆ. ಇಲ್ಲೂ ಹಳ್ಳಗಳಿವೆ. 584 ರಾಯಚೂರು ಸೀಮೆ, ಸರಿ. 585ರಲ್ಲಿ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಬೆರೆತಿವೆ. 560 ಬೆಂಗಳೂರು ನಗರ. ಆದರೆ ಕಟ್ಟಡ ಕೆಲಸ ಈಗ ಹೆಚ್ಚು ನಡೆಯುವ ಆನೇಕಲ್, ಅತ್ತಿಬೆಲೆ ಕಡೆ 562, ಮತ್ತು ಅದೇ 562 ಚಿಕ್ಕಬಳ್ಳಾಪುರಕ್ಕೂ ಹೋಗುತ್ತದೆ. ಮೂರಂಕಿಗೆ ಜಿಲ್ಲೆಯ ಹೆಸರು ಅಂಟಿಸಿದರೆ ಆನೇಕಲ್ಲಿನ ಕಾರ್ಮಿಕ ಬೆಂಗಳೂರಿಗೆ ಬರಲೇ ಇಲ್ಲ ಎಂದಾಗುತ್ತದೆ. ಆರಂಕಿಯ ಪಿನ್‌ನಿಂದ ಜಿಲ್ಲೆಗೆ ಪಟ್ಟಿ ಮಾಡಿಕೊಳ್ಳಿ, ಆಮೇಲೆ ಒಟ್ಟುಗೂಡಿಸಿ. ಜಿಲ್ಲೆಗಳ ಗಡಿಯನ್ನೂ ಒಂದು ವರ್ಷಕ್ಕೆ ನಿಲ್ಲಿಸಬೇಕು: 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು, ಹೊಸಪೇಟೆಯವರೇನೂ ಮನೆ ಬದಲಿಸಲಿಲ್ಲ.

ಮೊದಲು ಕಸ ತೆಗೆಯುವುದು

ಹೆಸರು, ಫೋನ್ ನಂಬರು, ಯುಪಿಐ ವಿಳಾಸ, ಸಾಲಿನ ವಿವರಣೆಯೊಳಗೆ ಅಡಗಿರುವ ಹೆಸರು: ಇವೆಲ್ಲ ಬ್ಯಾಂಕಿನ ಗೋಡೆಯೊಳಗೇ ಅಳಿಯಬೇಕು, ಅಧ್ಯಯನಕಾರರ ಕೈಗೆ ಬರುವ ಮೊದಲೇ. ವಿವರಣೆಯ ಕಂಬವನ್ನು ಮರೆಯುವವರು ಬಹಳ. ಯುಪಿಐ ಸಾಲಿನಲ್ಲಿ ಹಣ ಪಡೆದವರ ಹೆಸರು ಅಲ್ಲೇ ಇರುತ್ತದೆ.

ಆಮೇಲೆ ವಿಫಲ ವಹಿವಾಟು. ಹಣ ಕಡಿತವಾಗಿ ಮರುದಿನ ವಾಪಸ್ ಬಂದರೆ ಎರಡು ಸಾಲು ಬೀಳುತ್ತವೆ. ಎರಡನ್ನೂ ಹಾಗೆಯೇ ಬಿಟ್ಟರೆ ಆದಾಯವೂ ಏರುತ್ತದೆ, ಖರ್ಚೂ ಏರುತ್ತದೆ. ಯುಪಿಐನ 12 ಅಂಕಿಯ ಉಲ್ಲೇಖ ಸಂಖ್ಯೆ ಹಿಡಿದು ಜೋಡಿ ಹುಡುಕಿ ಎರಡನ್ನೂ ತೆಗೆಯಿರಿ. ಒಬ್ಬರದೇ ಎರಡು ಖಾತೆಗಳ ನಡುವಿನ ವರ್ಗಾವಣೆಯೂ ಖರ್ಚಲ್ಲ.

ಇನ್ನೊಂದು ಬಲೆ ಬ್ಯಾಂಕ್ ವಿಲೀನ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಿಂತುಹೋದವು. ಶಾಖೆಯ ಸಂಕೇತವನ್ನೇ ಊರಿನ ಗುರುತಾಗಿ ಬಳಸಿದವರಿಗೆ ಕರಾವಳಿಯ ಅರ್ಧ ಜನ ಒಂದೇ ದಿನ ವಲಸೆ ಹೋದಂತೆ ಕಂಡೀತು. 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಳ್ಳಿಯ ಖಾತೆಗಳನ್ನು ಅಭ್ಯಸಿಸುವವರು ಈ ದಿನಾಂಕವನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಂಥವುಗಳಿಗೆ ದೇಶಕ್ಕೆಲ್ಲ ಒಂದೇ ಐಎಫ್‌ಎಸ್‌ಸಿ ಇರುವುದರಿಂದ ಅಲ್ಲಿ ಆ ಸಂಕೇತದಿಂದ ಊರು ಹುಡುಕುವುದು ವ್ಯರ್ಥ.

ಈತ ಈ ತಿಂಗಳು ಎಲ್ಲಿದ್ದ?

ಕಸ ತೆಗೆದ ಮೇಲೆ ಪ್ರತಿ ಖಾತೆಗೆ ಪ್ರತಿ ತಿಂಗಳೂ ಒಂದು ವಾಸದ ಜಿಲ್ಲೆ ನಿಗದಿ ಮಾಡಬೇಕು. ವಹಿವಾಟುಗಳನ್ನು ಎಣಿಸಬೇಡಿ, ದಿನಗಳನ್ನು ಎಣಿಸಿ. ಒಂದೇ ದಿನ ತಿರುಪತಿಯಲ್ಲಿ ಎಂಟು ಕಡೆ ಸ್ಕ್ಯಾನ್ ಮಾಡಿದವನು ಅಲ್ಲಿಯ ನಿವಾಸಿ ಆಗುವುದಿಲ್ಲ. ಖುದ್ದಾಗಿ ನಡೆಸಿದ ವಹಿವಾಟುಗಳು ತಿಂಗಳಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ದಿನ ಇರಬೇಕು. ಆ ದಿನಗಳಲ್ಲಿ ಶೇ 60 ಒಂದೇ ಜಿಲ್ಲೆಯಲ್ಲಿದ್ದರೆ ಅದು ಆ ತಿಂಗಳ ವಾಸ. ಇಲ್ಲವಾದರೆ ‘ಅಸ್ಪಷ್ಟ’ ಎಂದು ಬರೆದು ಬಿಡುವುದೇ ಪ್ರಾಮಾಣಿಕ ಕೆಲಸ. ಹಳ್ಳಿಯ ಖಾತೆಗಳಲ್ಲಿ ಸಾಲುಗಳೇ ಕಡಿಮೆ ಇರುವುದರಿಂದ ಈ ನಿಯಮ ಅವರನ್ನೇ ಹೆಚ್ಚು ಹೊರಹಾಕುತ್ತದೆ. ಅಲ್ಲಿ ನಾಲ್ಕರ ಬದಲು ಎರಡು ದಿನ ಇಟ್ಟು ಇನ್ನೊಮ್ಮೆ ಲೆಕ್ಕ ಮಾಡಿ, ಎರಡೂ ಫಲಿತಾಂಶ ತೋರಿಸಬೇಕು.

ಮೂರು ತಿಂಗಳು ಒಂದು ಜಿಲ್ಲೆಯಲ್ಲಿದ್ದು, ಆಮೇಲೆ ಸತತ ಎರಡು ತಿಂಗಳು ಇನ್ನೊಂದರಲ್ಲಿ ಕಂಡರೆ ಅದನ್ನು ಸ್ಥಳಾಂತರ ಎನ್ನಬಹುದು. ಆರು ತಿಂಗಳೊಳಗೆ ಮರಳಿದರೆ ಗುಳೆ, ಮರಳದಿದ್ದರೆ ನೆಲೆಸಿದ್ದು. ಆರು ತಿಂಗಳ ಮಿತಿ ಮಾದರಿ ಸಮೀಕ್ಷೆಯ ವ್ಯಾಖ್ಯಾನಕ್ಕೆ ಹೊಂದುವುದರಿಂದ ಎರಡನ್ನೂ ಪಕ್ಕಪಕ್ಕ ಇಡಲು ಅನುಕೂಲ. ಆದರೆ ಒಂದು ತಿಂಗಳ ಮೇಲಿನ ಎಲ್ಲವನ್ನೂ ಅವರು ಎಣಿಸುತ್ತಾರೆ, ಈ ನಿಯಮಕ್ಕೆ ಎರಡು ತಿಂಗಳು ಬೇಕು. ಕಾಫಿ ಕೊಯ್ಲಿಗೆಂದು ಕೊಡಗಿಗೋ ಚಿಕ್ಕಮಗಳೂರಿಗೋ ಐದು ವಾರ ಹೋಗಿಬಂದವರು ಇಲ್ಲಿ ತಪ್ಪಿಹೋಗುತ್ತಾರೆ. ಅವರು ಬೇಕೆಂದರೆ ತಿಂಗಳ ಬದಲು ವಾರದ ಲೆಕ್ಕ ಹಿಡಿಯಬೇಕು, ಆಗ ಅಸ್ಪಷ್ಟ ಸಾಲುಗಳೂ ಹೆಚ್ಚುತ್ತವೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಸ್ಥಳ ಬದಲಾದವರೆಲ್ಲ ಕೂಲಿಕಾರರಲ್ಲ. ಲಾರಿ ಚಾಲಕ ತಿಂಗಳಲ್ಲಿ ಎಂಟು ಜಿಲ್ಲೆಗಳಲ್ಲಿ ಕಾಣುತ್ತಾನೆ, ಅವನು ತಾನಾಗಿಯೇ ‘ಅಸ್ಪಷ್ಟ’ಕ್ಕೆ ಬೀಳುತ್ತಾನೆ. ಧಾರವಾಡದ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಮಾತ್ರ ಪಕ್ಕಾ ವಲಸಿಗನಂತೆ ಕಾಣುತ್ತಾನೆ. ಅವನನ್ನು ಕೂಲಿಕಾರನಿಂದ ಬೇರ್ಪಡಿಸುವುದು ಹಣ ಹರಿಯುವ ದಿಕ್ಕು: ವಿದ್ಯಾರ್ಥಿಗೆ ಊರಿನಿಂದ ಹಣ ಬರುತ್ತದೆ, ಕೂಲಿಕಾರನಿಂದ ಊರಿಗೆ ಹೋಗುತ್ತದೆ. ಚಿಕಿತ್ಸೆಗೆಂದು ದೊಡ್ಡ ಊರಿಗೆ ಹೋದ ಕುಟುಂಬದ ಲೆಕ್ಕದಲ್ಲೂ ಹಣ ಒಳಗೆ ಬರುತ್ತದೆ, ಆದರೆ ಔಷಧ ಅಂಗಡಿಯ ಸಾಲುಗಳು ಜೊತೆಗಿರುತ್ತವೆ.

ಉದ್ಯೋಗ ಖಾತ್ರಿಯ ಕೂಲಿ ಜಮೆಯಾಯಿತೆಂದರೆ ಆತ ಊರಲ್ಲಿದ್ದ ಎಂದು ಓದುವ ಆಸೆಯಾಗುತ್ತದೆ. ಕೂಲಿ ಬರುವುದು ಕೆಲಸ ಮಾಡಿ ವಾರಗಳಾದ ಮೇಲೆ. ಜನವರಿಯಲ್ಲಿ ಬಂದ ಜಮೆ ನವೆಂಬರಿನ ಬದುವಿನ ಕೆಲಸದ್ದಾಗಿರಬಹುದು, ಆಗ ಆತ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾನೆ. ಸರ್ಕಾರದ ನೇರ ವರ್ಗಾವಣೆ ಯಾವುದೂ ವಾಸದ ಸಾಕ್ಷಿಯಲ್ಲ.

ಹೊರಟ ಊರೇ ಗೊತ್ತಾಗದ ಖಾತೆಗಳೂ ಇವೆ. ಎಷ್ಟೋ ಹುಡುಗರು ಮೊದಲ ಸ್ಮಾರ್ಟ್‌ಫೋನ್ ಕೊಳ್ಳುವುದೇ ನಗರದ ಮೊದಲ ಬಟವಾಡೆಯಲ್ಲಿ. ಅವರ ಖಾತೆಗೆ ಜೀವ ಬರುವುದು ಬೆಂಗಳೂರಿನಲ್ಲಿ. ನಿಯಮದ ಕಣ್ಣಿಗೆ ಅವರು ಹುಟ್ಟಾ ಬೆಂಗಳೂರಿಗರು. ಇಂಥಲ್ಲಿ ಖಾತೆ ತೆರೆದ ಶಾಖೆಯೇ ಮೂಲ ಊರಿನ ಆಧಾರ.

ಖರ್ಚು ಹನ್ನೆರಡು ಪಟ್ಟಾಯಿತೇ?

ಈಗ ದೇವದುರ್ಗದ ಖಾತೆಗೆ ಮರಳೋಣ. ಅಕ್ಟೋಬರಿನಲ್ಲಿ ಯುಪಿಐ ಮೂಲಕ ಕೊಟ್ಟದ್ದು 600 ರೂಪಾಯಿ. ಫೆಬ್ರುವರಿಯಲ್ಲಿ ಅಂಗಡಿ, ಹೋಟೆಲು, ಶೆಡ್ಡಿನ ಬಾಡಿಗೆ ಎಲ್ಲ ಸೇರಿ ಯುಪಿಐ ಮೂಲಕ 7,400. ಹನ್ನೆರಡು ಪಟ್ಟು! ನಗರಕ್ಕೆ ಬಂದ ಕೂಡಲೇ ಜನ ಕೈಬಿಚ್ಚಿ ಖರ್ಚು ಮಾಡುತ್ತಾರೆ ಎಂಬ ತೀರ್ಮಾನ ಇಲ್ಲಿಂದಲೇ ಹುಟ್ಟುತ್ತದೆ. ಅದು ಸುಳ್ಳು.

ಹಳೆಯ ಜಮಾಖರ್ಚಿನ ಪುಸ್ತಕದ ಪಾಠ ಇಲ್ಲಿ ಕೈಹಿಡಿಯುತ್ತದೆ: ಆರಂಭದ ಶಿಲ್ಕಿಗೆ, ಅಂದರೆ ಖಾತೆಯಲ್ಲಿ ಉಳಿದಿದ್ದ ಹಣಕ್ಕೆ, ಜಮೆ ಕೂಡಿಸಿ, ಅಖೈರು (ಕೊನೆಯ) ಶಿಲ್ಕು ಕಳೆದರೆ ಉಳಿಯುವುದು ಹೊರಗೆ ಹೋದ ಒಟ್ಟು ಹಣ. ಅಕ್ಟೋಬರ್: ಶಿಲ್ಕು 1,200, ಜಮೆ 6,300, ತಿಂಗಳ ಕೊನೆಗೆ 900. ಹೊರಗೆ ಹೋದದ್ದು 6,600. ಅದರಲ್ಲಿ 6,000 ಎಟಿಎಂನಿಂದ ನಗದಾಗಿ ಹೋಯಿತು, ಸಂತೆಯಲ್ಲಿ, ಗಿರಣಿಯಲ್ಲಿ, ಕಿರಾಣಿಯಲ್ಲಿ ಕರಗಿತು, ಲೆಕ್ಕಕ್ಕೆ ಸಿಗಲಿಲ್ಲ. ಫೆಬ್ರುವರಿ: ಶಿಲ್ಕು 700, ನಾಲ್ಕು ಬಟವಾಡೆ 18,000, ಕೊನೆಗೆ 1,300. ಹೊರಗೆ ಹೋದದ್ದು 17,400. ಊರಿಗೆ 8,000, ನಗದು 2,000, ಯುಪಿಐ 7,400.

ಊರಿಗೆ ಕಳಿಸಿದ್ದನ್ನು ತೆಗೆದರೆ ಆತನ ಖರ್ಚು 9,400. ಅಕ್ಟೋಬರಿನ 6,600ಕ್ಕೆ ಹೋಲಿಸಿದರೆ ಸುಮಾರು 1.4 ಪಟ್ಟು. ಹನ್ನೆರಡಲ್ಲ. ಅದರಲ್ಲೂ ಹಳ್ಳಿಯಲ್ಲಿ ಇಲ್ಲದ ಬಾಡಿಗೆ ಸೇರಿದೆ, ನಗರದ ಬೆಲೆ ಸೇರಿದೆ. ಹಳ್ಳಿಯ ಲೆಕ್ಕದಲ್ಲಿ ಸ್ವಂತ ಹೊಲದ ಜೋಳವಿಲ್ಲ, ಪಡಿತರದ ಅಕ್ಕಿಯಿಲ್ಲ; ಅವು ಹಣವಾಗದೇ ಹೊಟ್ಟೆ ಸೇರಿದವು. ಇನ್ನೊಂದು ಮುಖವೂ ಇದೆ: ಅಕ್ಟೋಬರಿನ 6,600 ಇಡೀ ಮನೆಯದು, ಫೆಬ್ರುವರಿಯ 9,400 ಒಬ್ಬನದು. ತಲೆಗೆ ಎಷ್ಟು ಎಂದು ಹೇಳಬೇಕಾದರೆ ಊರಿನ ಖಾತೆಯನ್ನೂ ಜೊತೆಗಿಟ್ಟು ಮನೆ ಎಂಬ ಘಟಕ ಕಟ್ಟಬೇಕು.

ಹಾಗಾಗಿ ನಿಯಮ ಹೀಗಿರಲಿ. ಒಟ್ಟು ಖರ್ಚನ್ನು ಶಿಲ್ಕಿನ ಲೆಕ್ಕದಿಂದ ತೆಗೆಯಿರಿ, ನಗದನ್ನು ಖರ್ಚೆಂದೇ ಎಣಿಸಿ. ಯಾವುದಕ್ಕೆ ಎಷ್ಟು ಎಂಬ ವಿಂಗಡಣೆಯನ್ನು ಮಾತ್ರ ಅಂಗಡಿಯ ವರ್ಗದಿಂದ ಮಾಡಿ, ಮತ್ತು ಅದು ‘ಕಾಣುವ ಖರ್ಚಿನೊಳಗಿನ ಪಾಲು’ ಎಂದು ಸ್ಪಷ್ಟವಾಗಿ ಬರೆಯಿರಿ. ನಗದಿನ ಪಾಲು ಶೇ 90 ಇದ್ದಲ್ಲಿಂದ ಶೇ 20ಕ್ಕಿಳಿದರೆ, ಮೊದಲಿನ ಹಾಗೂ ನಂತರದ ವಿಂಗಡಣೆಯನ್ನು ಒಂದೇ ಚಿತ್ರದಲ್ಲಿ ಹೋಲಿಸಬಾರದು.

ಹೊರಟ ದಿನವನ್ನು ಸೊನ್ನೆ ಎಂದಿಟ್ಟು ಹಿಂದಿನ ಮತ್ತು ಮುಂದಿನ ಆರಾರು ತಿಂಗಳನ್ನು ನೋಡುವುದು ರೂಢಿ. ಅದೇ ತಾಲ್ಲೂಕಿನ, ಅದೇ ವಯಸ್ಸಿನ, ಅಷ್ಟೇ ಜಮೆ ಇದ್ದ, ಆದರೆ ಊರಲ್ಲೇ ಉಳಿದವರನ್ನು ಪಕ್ಕದಲ್ಲಿಡಬೇಕು. ಇಲ್ಲದಿದ್ದರೆ ಯುಗಾದಿಯ ಖರ್ಚು, ಮಳೆ ಕೈಕೊಟ್ಟ ವರ್ಷದ ಕಷ್ಟ, 2023ರ ಆಗಸ್ಟ್ ಕೊನೆಗೆ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಎಲ್ಲವೂ ವಲಸೆಯ ಪರಿಣಾಮವೆಂದು ಎಣಿಕೆಯಾಗುತ್ತದೆ. ಅದಕ್ಕೂ ಮೊದಲು, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಯಿತು. ಅವರ ಬಸ್ ಖರ್ಚು ಲೆಕ್ಕದಿಂದ ಮಾಯವಾಯಿತು, ಪ್ರಯಾಣ ನಿಲ್ಲಲಿಲ್ಲ.

ಆದಾಯದ ಕಡೆಯೂ ಕತ್ತಲೆಯಿದೆ. ದಸರೆಯ ಹೊತ್ತಿಗೆ ಮೇಸ್ತ್ರಿ ಕೊಟ್ಟ ಮುಂಗಡ ನಗದಾಗಿ ಬಂದು ಸಾಲಕ್ಕೋ ಮದುವೆಗೋ ಹೋಗಿರುತ್ತದೆ. ಬಟವಾಡೆಯಲ್ಲಿ ಕಾಣುವ 4,500, ಮುಂಗಡ ಮುರಿದುಕೊಂಡ ಮೇಲಿನ ಉಳಿಕೆ. ಅದನ್ನು ಕೂಲಿ ಎಂದು ಬರೆದರೆ ಕೂಲಿಯ ದರವನ್ನೇ ತಪ್ಪಾಗಿ ಹೇಳಿದಂತಾಗುತ್ತದೆ. ಇಡೀ ಗ್ಯಾಂಗಿನ ಹಣ ಮೇಸ್ತ್ರಿಯ ಒಂದೇ ಖಾತೆಗೆ ಬಂದು ಹಂಚಿಕೆಯಾಗುವಲ್ಲಿ ಆತ ದೊಡ್ಡ ಶ್ರೀಮಂತನಂತೆ ಕಾಣುತ್ತಾನೆ. ಒಳಬಂದ ದಿನವೇ ಹತ್ತಾರು ಖಾತೆಗಳಿಗೆ ಹೊರಹೋಗುವ ಹಣವನ್ನು ಆತನ ಆದಾಯದಿಂದ ಕಳೆಯಬೇಕು.

ಊರಿಗೆ ಹೋದ ಹಣ

ವ್ಯಕ್ತಿಯಿಂದ ವ್ಯಕ್ತಿಗೆ ಹೋದ ಯುಪಿಐ ಎಲ್ಲವೂ ಮನೆಗೆ ಕಳಿಸಿದ್ದಲ್ಲ. ಸಣ್ಣ ಅಂಗಡಿಯವರು, ತಳ್ಳುಗಾಡಿಯವರು ತಮ್ಮ ಸ್ವಂತ ನಂಬರಿನ ಕ್ಯೂಆರ್ ಇಟ್ಟಿರುತ್ತಾರೆ. ದಾಖಲೆಯಲ್ಲಿ ಇಡ್ಲಿಯೂ ‘ವ್ಯಕ್ತಿಗೆ’ ಹೋದ ಹಣವೇ. ಬೇರ್ಪಡಿಸುವುದು ಎದುರು ಖಾತೆಯನ್ನು ನೋಡಿ: ತಿಂಗಳಿಗೆ ಮೂವತ್ತು ನಲವತ್ತು ಬೇರೆ ಬೇರೆ ಜನರಿಂದ ಚಿಲ್ಲರೆ ಹಣ ಪಡೆಯುವ ಖಾತೆ ಅಂಗಡಿ. ಒಬ್ಬರಿಬ್ಬರಿಂದ ಮಾತ್ರ, ದುಂಡಗಿನ ಮೊತ್ತ, ಬಟವಾಡೆಯ ಮರುದಿನ, ಊರಿನ ಶಾಖೆಯ ಖಾತೆಗೆ ಹೋದರೆ ಅದು ಮನೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಕಳಿಸದೆಯೇ ತಲುಪುವ ಹಣ. ಆತ ಫೋನು ತೆಗೆದುಕೊಂಡು ಹೋಗುತ್ತಾನೆ, ಎಟಿಎಂ ಕಾರ್ಡನ್ನು ಹೆಂಡತಿಯ ಕೈಗೆ ಕೊಟ್ಟು ಹೋಗುತ್ತಾನೆ. ಅವನು ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡುತ್ತಾನೆ, ಅವಳು ದೇವದುರ್ಗದ ಎಟಿಎಂನಲ್ಲಿ ತೆಗೆಯುತ್ತಾಳೆ. ಒಂದೇ ಖಾತೆ, ಒಂದೇ ದಿನ, ನಡುವೆ 400 ಕಿಲೋಮೀಟರಿಗೂ ಹೆಚ್ಚು ದೂರ. ಯಾಂತ್ರಿಕವಾಗಿ ಓದುವ ಪ್ರೋಗ್ರಾಂ ಇದನ್ನು ದೋಷವೆಂದೋ ವಂಚನೆಯೆಂದೋ ಎಸೆಯುತ್ತದೆ. ಎಸೆಯಬಾರದು. ಇದು ಗುಳೆಯ ಅತ್ಯಂತ ಖಚಿತ ಗುರುತು, ಮತ್ತು ಆ ನಗದು ಪೂರ್ತಿ ಊರಿಗೆ ಸಂದ ಹಣ. ಇಂಥ ಖಾತೆಯಲ್ಲಿ ವಾಸದ ಜಿಲ್ಲೆಯನ್ನು ಫೋನಿನ ವಹಿವಾಟಿನಿಂದ ನಿರ್ಧರಿಸಿ, ಕಾರ್ಡಿನದನ್ನು ಮನೆಯ ಲೆಕ್ಕಕ್ಕೆ ಹಾಕಿ.

ಹಣ ಕಳಿಸುವ ದಾರಿ ಸುಲಭವಾದರೆ ಕಳಿಸುವ ಮೊತ್ತವೇ ಬದಲಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ಸಾಕ್ಷ್ಯವಿದೆ. ವಾಯವ್ಯದ ಗೈಬಾಂಧಾದಿಂದ ಢಾಕಾಕ್ಕೆ ಬಂದ ಕಾರ್ಮಿಕರ ಕುಟುಂಬಗಳಿಗೆ ಬಿಕಾಶ್ ಮೊಬೈಲ್ ಹಣ ಬಳಸಲು ಕಲಿಸಿ ನಡೆಸಿದ ಪ್ರಯೋಗದಲ್ಲಿ, ಅದನ್ನು ನಿಜಕ್ಕೂ ಬಳಸತೊಡಗಿದವರಲ್ಲಿ ಊರಿಗೆ ಹೋಗುವ ಹಣ ಶೇ 26ರಷ್ಟು ಏರಿತು. ಅಂದರೆ ಹೊಸ ಸಾಧನ ಬಂದ ವರ್ಷದ ಏರಿಕೆಯೆಲ್ಲ ಅಳತೆಯ ಭ್ರಮೆಯಲ್ಲ. ಒಂದು ಪಾಲು ನಿಜವಾದ ಬದಲಾವಣೆ. ಎರಡನ್ನೂ ಬಿಡಿಸುವುದಕ್ಕೆ ಮನೆಮನೆಗೆ ಹೋಗಿ ಕೇಳಿದ ಸಣ್ಣ ಸಮೀಕ್ಷೆ ಬೇಕೇ ಬೇಕು.

ಲೆಕ್ಕದ ಹೊರಗೆ ಉಳಿದವರು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಬ್ಯಾಂಕ್ ಖಾತೆ ಇದೆ ಎಂದ ಮಹಿಳೆಯರು ಶೇ 78.6, ತಾವೇ ಬಳಸುವ ಮೊಬೈಲ್ ಇದೆ ಎಂದವರು ಶೇ 54 ಮಾತ್ರ. ಕಬ್ಬು ಕಟಾವಿಗೆ ಗಂಡ ಹೆಂಡತಿ ಜೋಡಿಯಾಗಿ ಹೋಗುತ್ತಾರೆ, ಕೂಲಿಯನ್ನು ಜೋಡಿಗೇ ಲೆಕ್ಕ ಹಾಕುತ್ತಾರೆ, ಹಣ ಬೀಳುವುದು ಗಂಡನ ಖಾತೆಗೆ. ಅವಳು ಅಷ್ಟೇ ಕಬ್ಬು ಹೊತ್ತರೂ ಈ ದತ್ತಾಂಶದಲ್ಲಿ ಅವಳಿಲ್ಲ. ಬೆನ್ನಿಗೆ ಹೋದ ಮಗುವೂ ಇಲ್ಲ. ತಾಲ್ಲೂಕು, ವಯಸ್ಸು, ಲಿಂಗಕ್ಕೆ ತಕ್ಕ ತೂಕ ಕೊಟ್ಟು ಸರಿಪಡಿಸುವ ವಿಧಾನಗಳಿವೆ, ಆದರೆ ತೂಕ ಕೊಡುವುದು ಕಂಡವರಿಗೆ ಮಾತ್ರ. ಕಂಡ ಮಹಿಳೆಯರು ಕಾಣದವರಂಥವರೇ ಎಂದು ನಂಬುವುದಕ್ಕೆ ಆಧಾರವಿಲ್ಲ.

ಅಳತೆಗೋಲೇ ನಡುವೆ ಬದಲಾಗುವುದೂ ಉಂಟು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದವು. ಆ ವಾರಗಳಲ್ಲಿ ಚಿಲ್ಲರೆ ಯುಪಿಐ ತಗ್ಗಿದ್ದು ಕಂಡರೆ ಜನ ತಿನ್ನುವುದು ಬಿಟ್ಟರೆಂದೋ ಊರಿಗೆ ಮರಳಿದರೆಂದೋ ಬರೆಯಬಾರದು. ಅದೇ ಹೊತ್ತಿಗೆ ಎಟಿಎಂ ನಗದು ಏರಿದೆಯೇ ಎಂದು ಮೊದಲು ನೋಡಬೇಕು.

ಒಟ್ಟು ಫಲಿತಾಂಶವನ್ನು ಪರೀಕ್ಷಿಸಲು ಊರಿನ ಪಂಚಾಂಗವೇ ಸಾಕು. ಜೂನ್ ಬಿತ್ತನೆಗೆ, ನಾಗರ ಪಂಚಮಿಗೆ ಉತ್ತರದ ಜಿಲ್ಲೆಗಳತ್ತ ಮರಳುವ ಅಲೆ ಕಾಣದಿದ್ದರೆ ನಿಯಮದಲ್ಲೇ ದೋಷವಿದೆ. ಖರ್ಚಿನ ಮಟ್ಟಕ್ಕೆ 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಅಂಕಿಗಳನ್ನು ಪಕ್ಕದಲ್ಲಿಡಿ: ಉಚಿತವಾಗಿ ಸಿಕ್ಕ ವಸ್ತುಗಳ ಬೆಲೆ ಸೇರಿಸದೆ, ದೇಶದಲ್ಲಿ ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ 4,122, ನಗರದಲ್ಲಿ 6,996 ರೂಪಾಯಿ.

ನಾಲ್ಕು ಸಾಲು ಸಾಕು

ಹೆಸರು ಅಳಿಸಿದೆವು, ಇನ್ನು ಭಯವಿಲ್ಲ ಎನ್ನುವವರು 2015ರ ಒಂದು ಅಧ್ಯಯನವನ್ನು ನೆನಪಿಡಬೇಕು. 11 ಲಕ್ಷ ಜನರ ಮೂರು ತಿಂಗಳ ಕ್ರೆಡಿಟ್ ಕಾರ್ಡ್ ದಾಖಲೆಯಲ್ಲಿ, ಯಾವ ದಿನ ಯಾವ ಅಂಗಡಿ ಎಂಬ ನಾಲ್ಕೇ ಸಂಗತಿ ಗೊತ್ತಿದ್ದರೆ ಶೇ 90 ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದಿತ್ತು. ಗುಳೆ ಹೋದವರ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಅವರು ಯಾವಾಗ ಎಲ್ಲಿದ್ದರೆಂಬುದು ಮುಂಗಡ ಕೊಟ್ಟ ಮೇಸ್ತ್ರಿಗೆ ಗೊತ್ತು, ಸಾಲ ಕೊಟ್ಟವನಿಗೆ ಗೊತ್ತು. ಅಂಥವರ ಕೈಗೆ ಖಾತೆಯ ಸಾಲುಗಳು ಸಿಕ್ಕರೆ ಕಾರ್ಮಿಕನಿಗೆ ಓಡಲು ಜಾಗವೇ ಉಳಿಯುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆ ಮತ್ತು ಅಂಕಿಅಂಶದ ಉದ್ದೇಶಕ್ಕೆ ವಿನಾಯಿತಿ ಕೊಡುತ್ತದೆ, ಆದರೆ ಆ ದತ್ತಾಂಶದಿಂದ ಯಾವೊಬ್ಬ ವ್ಯಕ್ತಿಯ ಬಗ್ಗೆಯೂ ನಿರ್ಧಾರ ತೆಗೆದುಕೊಳ್ಳುವಂತಿಲ್ಲ. ಕೆಲಸದಲ್ಲಿ ಇದರ ಅರ್ಥ: ಸಾಲುಗಳು ಬ್ಯಾಂಕಿನ ಕಂಪ್ಯೂಟರಿನಿಂದ ಹೊರಗೆ ಬರಬಾರದು, ಅಧ್ಯಯನಕಾರ ಪ್ರಶ್ನೆ ಕಳಿಸಬೇಕು, ಒಟ್ಟುಗೂಡಿಸಿದ ಉತ್ತರ ಮಾತ್ರ ಹೊರಗೆ ಬರಬೇಕು. 2021ರ ಸೆಪ್ಟೆಂಬರಿನಲ್ಲಿ ಶುರುವಾದ, ಖಾತೆಯ ದತ್ತಾಂಶವನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ದಾಟಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯ ಮೂಲಕ ಖಾತೆದಾರರ ಒಪ್ಪಿಗೆ ಪಡೆದೂ ದತ್ತಾಂಶ ತರಬಹುದು. ಆ ಒಪ್ಪಿಗೆಯನ್ನು ಮೇಸ್ತ್ರಿಯ ಎದುರು ಕೇಳಬಾರದು, ಕನ್ನಡದಲ್ಲಿ ಓದಿ ಹೇಳಬೇಕು, ಬೇಡವೆಂದರೂ ಕೆಲಸಕ್ಕೆ ತೊಂದರೆಯಿಲ್ಲವೆಂಬುದು ಅವರಿಗೆ ಖಾತ್ರಿಯಾಗಬೇಕು.

ಪ್ರಕಟಿಸುವ ಕೋಷ್ಟಕದಲ್ಲಿ ಹತ್ತಕ್ಕಿಂತ ಕಡಿಮೆ ಜನರಿರುವ ಚೌಕವನ್ನು ಖಾಲಿ ಬಿಡಿ. ನಲವತ್ತು ಮನೆಯ ತಾಂಡಾದಿಂದ ರತ್ನಾಗಿರಿಗೆ ಮೂವರು ಎಂದು ಬರೆದರೆ ಆ ಮೂವರು ಯಾರೆಂದು ತಾಂಡಾದವರಿಗೆಲ್ಲ ಗೊತ್ತಾಗುತ್ತದೆ. ಒಂದು ಚೌಕವನ್ನಷ್ಟೇ ಖಾಲಿ ಬಿಟ್ಟರೆ ಸಾಲದು. ಸಾಲಿನ ಮೊತ್ತದಿಂದ ಉಳಿದವನ್ನು ಕಳೆದರೆ ಆ ಅಂಕಿ ತಾನಾಗಿ ಸಿಗುತ್ತದೆ. ಅದೇ ಸಾಲಿನಲ್ಲಿ ಇನ್ನೊಂದು ಚೌಕವನ್ನೂ, ಅದೇ ಕಂಬದಲ್ಲಿ ಮತ್ತೊಂದನ್ನೂ ಮುಚ್ಚಬೇಕು, ಅಥವಾ ತಾಂಡಾವನ್ನು ಹೋಬಳಿಯೊಳಗೆ ಸೇರಿಸಿ ಹೋಬಳಿಯ ಅಂಕಿಯನ್ನಷ್ಟೇ ಕೊಡಬೇಕು.